‘ಪಿಕಪ್ ಮಿ’ ಅಲ್ಲ, ‘ಪಿಕ್ ಮಿ ಅಪ್’: ಇಂಗ್ಲಿಷ್ ಕ್ರಿಯಾಪದವನ್ನು ‘ಇಟ್’ ಜೊತೆ ಸೇರಿಸಿ ಕಲಿಯಿರಿ

ಊರಿಂದ ರಾತ್ರಿ ರೈಲು ಹತ್ತಿದವರು ಬೆಳಿಗ್ಗೆ ಇಳಿಯುವ ಮೊದಲು ಫೋನ್ ಮಾಡಿ ಕೇಳುತ್ತಾರೆ: ‘ಪಿಕಪ್ ಮಾಡೋಕೆ ಬರ್ತೀಯಾ?’ ಈ ‘ಪಿಕಪ್’ ಈಗ ನಮ್ಮ ಪದವೇ ಆಗಿಹೋಗಿದೆ. ಸೆಟಪ್, ಬ್ಯಾಕಪ್, ಚೆಕಪ್, ಸೆಂಡಾಫ್ ಎಲ್ಲ ಹಾಗೇ. ಎರಡು ಪದಗಳನ್ನು ಒಂದೇ ಉಂಡೆ ಮಾಡಿ, ಹಿಂದೊಂದು ‘ಮಾಡು’ ಸೇರಿಸಿಕೊಂಡಿದ್ದೇವೆ. ಕನ್ನಡದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ತೊಂದರೆ ಬರುವುದು ಆ ಉಂಡೆಯನ್ನು ಹಾಗೇ ಇಂಗ್ಲಿಷಿಗೆ ವಾಪಸ್ ಒಯ್ದಾಗ. ‘ಪ್ಲೀಸ್ ಪಿಕಪ್ ಮಿ’ ಅನ್ನುತ್ತೇವೆ. ಇಂಗ್ಲಿಷಿನವರು ಹೇಳುವುದು ‘ಪಿಕ್ ಮಿ ಅಪ್’. ಅಲ್ಲಿ ಅದು ಉಂಡೆಯಲ್ಲ. ಎರಡು ಪದಗಳ ನಡುವೆ ಒಂದು ಜಾಗವಿದೆ, ‘ಮಿ’ ಹೋಗಿ ಕೂರಬೇಕಾದದ್ದು ಅಲ್ಲಿ.

ನಾನು ಸಂಜೆ ಹೊತ್ತು ನರ್ಸಿಂಗ್ ಮತ್ತು ಡಿಪ್ಲೊಮಾ ಓದುವ ಮಕ್ಕಳಿಗೆ ಮಾತಾಡುವ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರಿಗೆ ಕಾಲಗಳ ಪಟ್ಟಿ ಬಾಯಿಪಾಠ ಬರುತ್ತದೆ. ‘ಹ್ಯಾಡ್ ಬೀನ್’ ಎಲ್ಲಿ ಬರಬೇಕು ಅಂತ ಗೊತ್ತು. ಆದರೆ ‘ಅದನ್ನು ಆಫ್ ಮಾಡು’ ಎಂದು ಹೇಳಬೇಕಾದರೆ ತಡವರಿಸುತ್ತಾರೆ. ತಪ್ಪು ಅವರದಲ್ಲ. ಕ್ರಿಯಾಪದವನ್ನು ಯಾರೂ ಅವರಿಗೆ ಜೋಡಿಯಾಗಿ ಕಲಿಸಿರುವುದಿಲ್ಲ. ‘ಲುಕ್ ಅಂದರೆ ನೋಡು, ವೇಟ್ ಅಂದರೆ ಕಾಯಿ’ ಎಂದು ಒಂಟಿಯಾಗಿ ಕಲಿಸಿರುತ್ತಾರೆ. ಹಾಗೆ ಕಲಿತದ್ದು ಪರೀಕ್ಷೆಗೆ ಸಾಕು, ಮಾತಿಗೆ ಸಾಲದು. ನಾನು ಹೇಳಿಕೊಡುವ ದಾರಿ ಇಷ್ಟೇ: ಯಾವ ಕ್ರಿಯಾಪದವನ್ನೂ ಬರಿದಾಗಿ ಬರೆದುಕೊಳ್ಳಬೇಡಿ. ಅದರ ಜೊತೆ ಒಂದು ‘ಇಟ್’, ‘ಮಿ’ ಅಥವಾ ‘ಹರ್’ ಸೇರಿಸಿ ಬರೆದುಕೊಳ್ಳಿ.

ಮೊದಲ ಹೆಜ್ಜೆ: ‘ಇಟ್’ ನುಂಗಬೇಡಿ

ಒಲೆ ಮೇಲೆ ಹಾಲು ಉಕ್ಕುತ್ತಿದೆ. ಅಮ್ಮ ಒಳಗಿಂದ ಕೂಗುತ್ತಾಳೆ: ‘ಆಫ್ ಮಾಡೋ!’ ಏನನ್ನು ಆಫ್ ಮಾಡಬೇಕು ಅಂತ ಅವಳು ಹೇಳುವುದಿಲ್ಲ, ನೀವು ಕೇಳುವುದೂ ಇಲ್ಲ. ಕನ್ನಡದಲ್ಲಿ ಕರ್ಮಪದವನ್ನು ಬಿಡಬಹುದು. ‘ಕೊಡು’, ‘ತಗೋ’, ‘ನೋಡಿದೆ’, ‘ಇಷ್ಟ ಆಯ್ತು’ ಎಲ್ಲ ಪೂರ್ತಿ ವಾಕ್ಯಗಳೇ. ಇಂಗ್ಲಿಷ್ ಇಷ್ಟು ಸಲೀಸಾಗಿ ಬಿಡುವುದಿಲ್ಲ. ‘ಸಿನಿಮಾ ಹೇಗಿತ್ತು?’ ಎಂದು ಕೇಳಿದರೆ ‘ಐ ಲೈಕ್ಡ್’ ಎಂದು ನಿಲ್ಲಿಸಿದರೆ ಕೇಳಿದವರು ಇನ್ನೂ ಕಾಯುತ್ತಿರುತ್ತಾರೆ. ‘ಐ ಲೈಕ್ಡ್ ಇಟ್’ ಎಂದರೆ ಮಾತು ಮುಗಿಯಿತು.

ಆದ್ದರಿಂದ ಒಂದು ವಾರ ಬೇರೇನೂ ಮಾಡಬೇಡಿ, ಈ ‘ಇಟ್’ ಮಾತ್ರ ಅಭ್ಯಾಸ ಮಾಡಿ. ಕೊಡು ಅಂದರೆ ‘ಗಿವ್ ಇಟ್ ಟು ಮಿ’. ತಂದೆ ಅಂದರೆ ‘ಐ ಬ್ರಾಟ್ ಇಟ್’. ಗೊತ್ತಿತ್ತು ಅಂದರೆ ‘ಐ ನ್ಯೂ ಇಟ್’. ‘ಡಿಡ್ ಯು ಎಂಜಾಯ್?’ ಎಂದು ಬಹಳ ಜನ ಕೇಳುತ್ತಾರೆ. ಅಲ್ಲೂ ‘ಡಿಡ್ ಯು ಎಂಜಾಯ್ ಇಟ್?’ ಆಗಬೇಕು, ಇಲ್ಲವೇ ‘ಎಂಜಾಯ್ ಯುವರ್‌ಸೆಲ್ಫ್’ ಆಗಬೇಕು.

ಇಲ್ಲೇ ಒಂದು ಸಣ್ಣ ವಿಷಯ. ನಮಗೆ ಪ್ಯಾಂಟ್ ಒಂದು, ಕನ್ನಡಕ ಒಂದು, ಕತ್ತರಿ ಒಂದು. ಇಂಗ್ಲಿಷಿಗೆ ಇವೆಲ್ಲ ಬಹುವಚನ. ‘ಕನ್ನಡಕ ಹಾಕ್ಕೋ’ ಅಂದರೆ ‘ಪುಟ್ ದೆಮ್ ಆನ್’. ತಿರುಗಿ ನೋಡಿದರೆ, ನಾವು ‘ಲಗೇಜುಗಳು’ ಎಂದರೂ ಇಂಗ್ಲಿಷಿಗೆ ಅದು ‘ಇಟ್’ ಮಾತ್ರ. ‘ಫರ್ನಿಚರ್’, ‘ಅಡ್ವೈಸ್’ ಕೂಡ ‘ಇಟ್’.

ಎರಡನೇ ಹೆಜ್ಜೆ: ನಡುವೆ ಜಾಗ ಕೊಡುವ ಜೋಡಿಗಳು

‘ಆನ್ ಮಾಡು’, ‘ಆಫ್ ಮಾಡು’ ಎಂದು ದಿನಾ ಹೇಳಿ ಹೇಳಿ ‘ಆಫ್’ ಅನ್ನುವುದೇ ಕ್ರಿಯಾಪದ ಅನ್ನಿಸಿಬಿಟ್ಟಿದೆ. ‘ಆಫ್ ದ ಫ್ಯಾನ್’ ಎಂಬ ಮಾತು ಹುಟ್ಟಿದ್ದು ಹೀಗೆ. ಇಂಗ್ಲಿಷಿನಲ್ಲಿ ಅಲ್ಲಿ ‘ಟರ್ನ್’ ಅಥವಾ ‘ಸ್ವಿಚ್’ ಬೇಕೇ ಬೇಕು.

ನಿಯಮ ಸುಲಭ. ವಸ್ತುವಿನ ಹೆಸರು ಹೇಳಿದರೆ ಅದನ್ನು ಎಲ್ಲಿ ಬೇಕಾದರೂ ಇಡಬಹುದು: ‘ಟರ್ನ್ ಆಫ್ ದ ಫ್ಯಾನ್’, ‘ಟರ್ನ್ ದ ಫ್ಯಾನ್ ಆಫ್’. ಎರಡೂ ಸರಿ. ಆದರೆ ಹೆಸರಿನ ಬದಲು ಸರ್ವನಾಮ ಬಂದರೆ ಅದರ ಜಾಗ ನಡುವೆಯೇ: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ಎಂದು ಯಾರೂ ಹೇಳುವುದಿಲ್ಲ.

ಇದನ್ನು ಕೂತು ಓದುವುದಕ್ಕಿಂತ ಮನೆಯಲ್ಲಿ ಓಡಾಡುತ್ತಾ ಕಲಿಯುವುದು ವಾಸಿ. ಬೆಳಿಗ್ಗೆ ಎದ್ದಾಗಿನಿಂದ ಶುರು ಮಾಡಿ. ಗೀಸರ್ ಹಾಕುವಾಗ ‘ಟರ್ನ್ ಇಟ್ ಆನ್’. ಮೋಟರ್ ನಿಲ್ಲಿಸುವಾಗ ‘ಟರ್ನ್ ಇಟ್ ಆಫ್’. ನೆಲದ ಮೇಲೆ ಬಿದ್ದ ಟವೆಲ್ ಎತ್ತುವಾಗ ‘ಪಿಕ್ ಇಟ್ ಅಪ್’. ಹಾಸಿಗೆ ಮಡಿಚುವಾಗ ‘ಫೋಲ್ಡ್ ಇಟ್ ಅಪ್’, ಎತ್ತಿಡುವಾಗ ‘ಪುಟ್ ಇಟ್ ಅವೇ’. ಹಳಸಿದ ಸಾರು ಚೆಲ್ಲುವಾಗ ‘ಥ್ರೋ ಇಟ್ ಔಟ್’. ಹೆಲ್ಮೆಟ್ ಹಾಕುವಾಗ ‘ಪುಟ್ ಇಟ್ ಆನ್’. ಚಪ್ಪಲಿ ಬಿಡುವಾಗ ‘ಟೇಕ್ ದೆಮ್ ಆಫ್’. ಕೈ ಮಾಡುತ್ತಿರುವ ಕೆಲಸವನ್ನೇ ಬಾಯಿ ಹೇಳಲಿ. ಹದಿನೈದು ದಿನ ಹೀಗೆ ಮಾಡಿದ ಮಕ್ಕಳು ಆಮೇಲೆ ನಿಯಮ ನೆನೆಸಿಕೊಳ್ಳದೇ ಸರಿಯಾಗಿ ಹೇಳುವುದನ್ನು ನಾನು ನೋಡಿದ್ದೇನೆ.

ಆ ಸಣ್ಣ ಪದ ಅಲ್ಲಿ ಏನು ಮಾಡುತ್ತಿದೆ ಎಂದು ಕೇಳಬಹುದು. ಇದಕ್ಕೆ ನಮ್ಮ ಕನ್ನಡದಲ್ಲೇ ಒಳ್ಳೆ ಉತ್ತರ ಇದೆ. ‘ತಿಂದ’ ಮತ್ತು ‘ತಿಂದುಬಿಟ್ಟ’ ಒಂದೇ ಅಲ್ಲ, ಅಲ್ವಾ? ‘ಬಿಟ್ಟ’ ಬಂದ ಕೂಡಲೇ ತಟ್ಟೆ ಖಾಲಿಯಾಯಿತು. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ‘ಅಪ್’: ‘ಹಿ ಏಟ್ ಇಟ್ ಅಪ್’. ‘ಬರಿ’ ಬೇರೆ, ‘ಬರೆದುಕೋ’ ಬೇರೆ. ‘ಬರೆದುಕೋ’ ಅಂದರೆ ‘ರೈಟ್ ಇಟ್ ಡೌನ್’. ‘ತೆಗೆದಿಡು’ ಅಂದರೆ ‘ಪುಟ್ ಇಟ್ ಅಸೈಡ್’. ‘ಯಾರಿಗಾದರೂ ಕೊಟ್ಟುಬಿಡು’ ಅಂದರೆ ‘ಗಿವ್ ಇಟ್ ಅವೇ’. ಬಿಡು, ಕೊಳ್ಳು, ಇಡು, ಹಾಕು ಎಂದು ನಾವು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದ ಕಟ್ಟುತ್ತೇವೆ. ಅವರು ಅಪ್, ಡೌನ್, ಔಟ್, ಅವೇ ಕಟ್ಟುತ್ತಾರೆ. ಒಂದಕ್ಕೊಂದು ಲೆಕ್ಕದ ಹಾಗೆ ಕೂಡಿಬರುವುದಿಲ್ಲ, ನಿಜ. ಆದರೆ ಇದು ಪರಕೀಯವಾದ ಏನೋ ವಿಚಿತ್ರ ಅಲ್ಲ ಎಂಬ ಧೈರ್ಯ ಬರುತ್ತದೆ.

ಕಷ್ಟ ನಮಗೊಬ್ಬರಿಗೇ ಅಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟು ಹೊರತಂದಾಗ ಮುನ್ನುಡಿಯಲ್ಲೇ ಇದನ್ನು ಬರೆದಿದ್ದಾನೆ. ಕ್ರಿಯಾಪದಕ್ಕೆ ಸಣ್ಣ ಪದ ಸೇರಿ ಅರ್ಥ ಬದಲಾಗುವುದು ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟದ ಸಂಗತಿ ಎಂದು ಅವನೇ ಒಪ್ಪಿಕೊಂಡಿದ್ದಾನೆ.

ಮೂರನೇ ಹೆಜ್ಜೆ: ನಡುವೆ ಜಾಗ ಕೊಡದ ಜೋಡಿಗಳು

ಎರಡನೇ ಹೆಜ್ಜೆ ಕಲಿತ ಉತ್ಸಾಹದಲ್ಲಿ ಎಲ್ಲವನ್ನೂ ಒಡೆಯುವ ಮನಸ್ಸಾಗುತ್ತದೆ. ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಅಣಕು ಸಂದರ್ಶನದಲ್ಲಿ ‘ಐ ವಿಲ್ ಲುಕ್ ಹರ್ ಆಫ್ಟರ್’ ಎಂದಳು. ‘ಪಿಕ್ ಹರ್ ಅಪ್’ ಸರಿಯಾದರೆ ಇದೇಕೆ ತಪ್ಪು ಎಂದು ಕೇಳಿದಳು. ಒಳ್ಳೆ ಪ್ರಶ್ನೆ. ಅವಳಿಗೆ ನಾನು ಕೊಟ್ಟ ಗುಂಪುಗಳನ್ನೇ ಇಲ್ಲೂ ಕೊಡುತ್ತೇನೆ.

ಅಪ್, ಡೌನ್, ಔಟ್, ಆಫ್, ಅವೇ, ಬ್ಯಾಕ್ ಬಂದರೆ ಸಾಮಾನ್ಯವಾಗಿ ನಡುವೆ ಜಾಗ ಇರುತ್ತದೆ. ‘ಕಾಲ್ ಮಿ ಬ್ಯಾಕ್’, ‘ವೇಕ್ ಮಿ ಅಪ್’, ‘ಸೀ ಮಿ ಆಫ್’. ಈ ಕೊನೆಯದು ಗಮನಿಸಿ. ‘ಸ್ಟೇಷನ್ನಿಗೆ ಬಂದು ಕಳಿಸಿಕೊಟ್ಟರು’ ಎನ್ನಲು ನಾವು ‘ಸೆಂಡಾಫ್’ ಹಿಡಿಯುತ್ತೇವೆ. ಅಲ್ಲಿ ರೂಢಿಯ ಮಾತು ‘ದೇ ಕೇಮ್ ಟು ಸೀ ಮಿ ಆಫ್’.

ಅಟ್, ಫಾರ್, ಟು, ಫ್ರಮ್, ವಿತ್, ಆಫ್ಟರ್, ಇಂಟು ಬಂದರೆ ಒಡೆಯುವ ಹಾಗಿಲ್ಲ. ಸರ್ವನಾಮ ಕೊನೆಗೇ ಬರಬೇಕು. ‘ವೇಟ್ ಫಾರ್ ಮಿ’, ‘ಲಿಸನ್ ಟು ಹರ್’, ‘ಲುಕ್ ಆಫ್ಟರ್ ಹಿಮ್’.

ಆನ್, ಓವರ್, ಥ್ರೂ ಎರಡೂ ಕಡೆ ಇರುತ್ತವೆ. ‘ಪುಟ್ ಇಟ್ ಆನ್’ ಸರಿ, ‘ಡಿಪೆಂಡ್ ಆನ್ ಇಟ್’ ಕೂಡ ಸರಿ. ‘ಥಿಂಕ್ ಇಟ್ ಓವರ್’ ಅಂದರೆ ಯೋಚಿಸಿ ನೋಡು. ‘ಗೆಟ್ ಓವರ್ ಇಟ್’ ಅಂದರೆ ಆ ನೋವಿನಿಂದ ಹೊರಗೆ ಬಾ. ಇವನ್ನು ಒಂದೊಂದಾಗಿ ‘ಇಟ್’ ಸಮೇತ ನೆನಪಿಡದೆ ದಾರಿಯಿಲ್ಲ. ಹಾಗೆಯೇ ಹತ್ತುವ ಇಳಿಯುವ ಮಾತು ಬಂದಾಗ ಮೊದಲ ಗುಂಪಿನ ಪದಗಳೂ ಒಡೆಯುವುದಿಲ್ಲ. ಏಣಿ ಹತ್ತಿದೆ ಅಂದರೆ ‘ಐ ಕ್ಲೈಂಬ್ಡ್ ಅಪ್ ಇಟ್’, ಬಸ್ಸಿನಿಂದ ಇಳಿದೆ ಅಂದರೆ ‘ಐ ಗಾಟ್ ಆಫ್ ಇಟ್’.

ಕಿವಿಯೂ ಸಹಾಯ ಮಾಡುತ್ತದೆ. ‘ಟರ್ನ್ ಇಟ್ ಆಫ್’ ಎನ್ನುವಾಗ ಒತ್ತು ‘ಆಫ್’ ಮೇಲೆ ಬೀಳುತ್ತದೆ. ‘ಲುಕ್ ಅಟ್ ಇಟ್’ ಎನ್ನುವಾಗ ಒತ್ತು ‘ಲುಕ್’ ಮೇಲೆ. ‘ಅಟ್ ಇಟ್’ ಎರಡೂ ಕೂಡಿ ‘ಅಟಿಟ್’ ಎಂದು ಸುಮ್ನೆ ಜಾರಿಹೋಗುತ್ತದೆ. ಅಟ್, ಫಾರ್, ಟು ಥರದ ಚಿಕ್ಕ ಪದಗಳಿಗೆ ಈ ಪರೀಕ್ಷೆ ಚೆನ್ನಾಗಿ ನಡೆಯುತ್ತದೆ. ‘ಆಫ್ಟರ್’, ‘ಓವರ್’ ಥರದವಕ್ಕೆ ನೆನಪೇ ಗತಿ.

‘ಲುಕ್’ ಒಂದನ್ನೇ ಹಿಡಿದುಕೊಂಡು ನೋಡಿ. ‘ಲುಕ್ ಅಟ್ ಇಟ್’: ಅದನ್ನು ನೋಡು. ‘ಲುಕ್ ಫಾರ್ ಇಟ್’: ಅದನ್ನು ಹುಡುಕು. ‘ಲುಕ್ ಇಂಟು ಇಟ್’: ಅದರ ಬಗ್ಗೆ ವಿಚಾರಿಸಿ ನೋಡು. ‘ಲುಕ್ ಆಫ್ಟರ್ ಇಟ್’: ಅದನ್ನು ನೋಡಿಕೋ. ‘ಲುಕ್ ಇಟ್ ಅಪ್’: ನಿಘಂಟಿನಲ್ಲೋ ಫೋನಿನಲ್ಲೋ ತೆಗೆದು ನೋಡು. ನಾಲ್ಕು ಒಡೆಯುವುದಿಲ್ಲ, ಒಂದು ಒಡೆಯುತ್ತದೆ.

ಒಂದು ‘ಕೇಳು’, ಹಲವು ಇಂಗ್ಲಿಷ್

ಕನ್ನಡದ ‘ಕೇಳು’ ಎಷ್ಟು ಕೆಲಸ ಮಾಡುತ್ತದೆ ಎಂದು ಯೋಚಿಸಿದ್ದೀರಾ? ಪ್ರಶ್ನೆ ಕೇಳುತ್ತೇವೆ, ಹಾಡು ಕೇಳುತ್ತೇವೆ, ಸಾಲ ಕೇಳುತ್ತೇವೆ, ದೊಡ್ಡವರ ಮಾತು ಕೇಳುತ್ತೇವೆ. ಒಂದೇ ಪದದಲ್ಲಿ ಇಷ್ಟೂ ಆಗುತ್ತದೆ. ಅದಕ್ಕೇ ಇಂಗ್ಲಿಷಿಗೆ ಹೋದಾಗ ಇಲ್ಲಿ ಜಾಸ್ತಿ ಎಡವುತ್ತೇವೆ. ನಿಧಾನವಾಗಿ ಬಿಡಿಸೋಣ.

ಪ್ರಶ್ನೆ ಕೇಳುವುದು ‘ಆಸ್ಕ್ ಹಿಮ್’. ‘ಆಸ್ಕ್ ಟು ಹಿಮ್’ ಅಲ್ಲ. ಏನಾದರೂ ಬೇಕು ಎಂದು ಕೇಳುವುದು ‘ಆಸ್ಕ್ ಹಿಮ್ ಫಾರ್ ಇಟ್’, ಇಲ್ಲಿ ಎರಡು ಸರ್ವನಾಮಕ್ಕೂ ಒಂದೊಂದು ಜಾಗ. ಅದೇ ‘ಆಸ್ಕ್ ಫಾರ್ ಹಿಮ್’ ಅಂದರೆ ಅರ್ಥವೇ ಬೇರೆ: ಕೌಂಟರಿನಲ್ಲಿ ಹೋಗಿ ‘ಅವರು ಇದ್ದಾರಾ’ ಎಂದು ಕೇಳು. ‘ಆಸ್ಕ್ ಅಬೌಟ್ ಹಿಮ್’ ಅಂದರೆ ಅವನ ಬಗ್ಗೆ ವಿಚಾರಿಸು. ಗಂಡು ನೋಡುವ ಮನೆಯವರು ಮಾಡುತ್ತಾರಲ್ಲ, ಅದು.

ಕಿವಿಗೆ ಬೀಳುವುದು ‘ಹಿಯರ್’. ವಿಡಿಯೊ ಕಾಲ್‌ನಲ್ಲಿ ‘ನನ್ನ ದನಿ ಕೇಳಿಸ್ತಾ ಇದೆಯಾ?’ ಎಂದು ಕೇಳಲು ‘ಕ್ಯಾನ್ ಯು ಹಿಯರ್ ಮಿ?’. ಗಮನ ಕೊಟ್ಟು ಕೇಳುವುದು ‘ಲಿಸನ್ ಟು ಮಿ’. ಇಲ್ಲಿ ‘ಟು’ ಬಿಟ್ಟು ‘ಲಿಸನ್ ಮಿ’ ಎನ್ನುವುದು ನಾನು ದಿನಾ ಕೇಳುವ ತಪ್ಪು. ಅವಳಿಂದ ಸುದ್ದಿ ಬಂತು ಅಂದರೆ ‘ಐ ಹರ್ಡ್ ಫ್ರಮ್ ಹರ್’. ‘ಸ್ವಲ್ಪ ಪೂರ್ತಿ ಕೇಳಿ, ಆಮೇಲೆ ಬೈಯಿರಿ’ ಎಂದು ಹೇಳಬೇಕೆನಿಸಿದಾಗ ‘ಹಿಯರ್ ಮಿ ಔಟ್’. ಅಲ್ಲಿ ‘ಔಟ್’ ಬಂತು, ಆದ್ದರಿಂದ ‘ಮಿ’ ನಡುವೆ ಹೋಯಿತು.

‘ಗೆ’ ಎಂಬ ಪ್ರತ್ಯಯದ ಎಳೆತ

‘ನನಗೆ ಹೇಳಿದ’. ಈ ‘ಗೆ’ ಕಂಡ ಕೂಡಲೇ ಮನಸ್ಸು ‘ಟು’ ಎನ್ನುತ್ತದೆ. ಅದಕ್ಕೇ ‘ಹಿ ಟೋಲ್ಡ್ ಟು ಮಿ’, ‘ಐ ಕಾಲ್ಡ್ ಟು ಹಿಮ್’, ‘ಹೆಲ್ಪ್ ಟು ಹರ್’. ಮೂರರಲ್ಲೂ ‘ಟು’ ಬೇಡ. ‘ಹಿ ಟೋಲ್ಡ್ ಮಿ’, ‘ಐ ಕಾಲ್ಡ್ ಹಿಮ್’, ‘ಹೆಲ್ಪ್ ಹರ್’ ಅಷ್ಟೇ.

ಆದರೆ ಪಕ್ಕದಲ್ಲೇ ಇರುವ ಬೇರೆ ಪದಗಳಿಗೆ ‘ಟು’ ಬೇಕೇ ಬೇಕು. ‘ಟೆಲ್ ಮಿ’, ಆದರೆ ‘ಸೇ ಇಟ್ ಟು ಮಿ’. ‘ಆನ್ಸರ್ ಹರ್’, ಆದರೆ ‘ರಿಪ್ಲೈ ಟು ಹರ್’. ಸಂದರ್ಶನಕ್ಕೆ ಹೋಗುವವರು ಒಂದನ್ನು ಮಾತ್ರ ನೂರು ಸಲ ಹೇಳಿಕೊಂಡು ಹೋಗಬೇಕು ಅಂದರೆ ನಾನು ಇದನ್ನು ಆರಿಸುತ್ತೇನೆ: ‘ಲೆಟ್ ಮಿ ಎಕ್ಸ್‌ಪ್ಲೇನ್ ಇಟ್ ಟು ಯು’. ‘ಐ ವಿಲ್ ಎಕ್ಸ್‌ಪ್ಲೇನ್ ಯು’ ಎಂದು ಶುರು ಮಾಡುವವರು ಬಹಳ. ವಿವರಿಸುವುದು ವಿಷಯವನ್ನು, ಎದುರಿಗಿರುವ ವ್ಯಕ್ತಿಯನ್ನಲ್ಲ. ‘ಸಜೆಸ್ಟ್’ ಕೂಡ ಹೀಗೇ: ‘ಸಜೆಸ್ಟ್ ಇಟ್ ಟು ಮಿ’.

ಇನ್ನು ‘ಬಗ್ಗೆ’, ‘ಜೊತೆ’, ‘ಒಳಗೆ’ ಇವು ಎಳೆದು ತರುವ ಪದಗಳು. ‘ಡಿಸ್ಕಸ್ ಅಬೌಟ್ ಇಟ್’, ‘ಮ್ಯಾರಿಡ್ ವಿತ್ ಹರ್’, ‘ಎಂಟರ್ ಇಂಟು ದ ರೂಮ್’. ಇವು ಎಲ್ಲಿಂದ ಬರುತ್ತವೆ ಎಂದು ಗೊತ್ತಾದರೆ ಬಿಡುವುದು ಸುಲಭ. ನಾಮಪದಕ್ಕೆ ಆ ಸಣ್ಣ ಪದ ಬೇಕು, ಕ್ರಿಯಾಪದಕ್ಕೆ ಬೇಡ. ‘ಎ ಡಿಸ್ಕಷನ್ ಅಬೌಟ್ ಇಟ್’ ಸರಿ, ಆದರೆ ‘ವಿ ಡಿಸ್ಕಸ್ಡ್ ಇಟ್’. ‘ಎ ರಿಕ್ವೆಸ್ಟ್ ಫಾರ್ ಇಟ್’ ಸರಿ, ಆದರೆ ‘ಐ ರಿಕ್ವೆಸ್ಟೆಡ್ ಇಟ್’. ‘ಆ್ಯನ್ ಆರ್ಡರ್ ಫಾರ್ ಇಟ್’, ಆದರೆ ‘ಐ ಆರ್ಡರ್ಡ್ ಇಟ್’. ನಾಮಪದದ ಬಾಲವನ್ನು ಕ್ರಿಯಾಪದಕ್ಕೆ ಅಂಟಿಸಿದಾಗ ತಪ್ಪಾಗುತ್ತದೆ.

‘ಮೇಲೆ’ ಬಂದಾಗ

‘ನನ್ನ ಮೇಲೆ ಸಿಟ್ಟು’ ಎಂಬುದನ್ನು ‘ಆ್ಯಂಗ್ರಿ ಆನ್ ಮಿ’ ಮಾಡುತ್ತೇವೆ. ಆಗಬೇಕಾದ್ದು ‘ಆ್ಯಂಗ್ರಿ ವಿತ್ ಮಿ’. ‘ನನ್ನ ಮೇಲೆ ಕೂಗಾಡಿದ’ ಅಂದರೆ ‘ಹಿ ಶೌಟೆಡ್ ಅಟ್ ಮಿ’. ಇಲ್ಲಿ ‘ಅಟ್’ ಬಾಣ ಇದ್ದ ಹಾಗೆ, ಗುರಿ ಇಟ್ಟು ಬರುತ್ತದೆ. ‘ಥ್ರೋ ಇಟ್ ಟು ಮಿ’ ಅಂದರೆ ನಾನು ಹಿಡಿಯುವ ಹಾಗೆ ಎಸೆ. ‘ಥ್ರೋ ಇಟ್ ಅಟ್ ಮಿ’ ಅಂದರೆ ನನಗೆ ತಾಗುವ ಹಾಗೆ ಎಸೆ. ‘ಶೌಟೆಡ್ ಟು ಮಿ’ ಅಂದರೆ ದೂರದಲ್ಲಿದ್ದ ನನಗೆ ಕೇಳಿಸಲಿ ಎಂದು ಕೂಗಿದ. ‘ಶೌಟೆಡ್ ಅಟ್ ಮಿ’ ಅಂದರೆ ಬೈದ. ಒಂದು ಸಣ್ಣ ಪದ ಬದಲಾದರೆ ಸಂಬಂಧವೇ ಬದಲಾಗುತ್ತದೆ.

‘ಅವನಿಗೆ ಹೆದರುತ್ತೇನೆ’ ಎಂಬುದಕ್ಕೆ ‘ಅಫ್ರೇಡ್ ಅವ್ ಹಿಮ್’. ಈ ‘ಅವ್’ ಅನ್ನು ಕನ್ನಡದಲ್ಲಿ ‘ಆಫ್’ ಎಂದೇ ಬರೆಯುವ ರೂಢಿ. ಆದ್ದರಿಂದ ಸ್ವಿಚ್ಚಿನ ‘ಆಫ್’ ಮತ್ತು ಇದು ಬಾಯಲ್ಲೂ ಒಂದೇ ಆಗಿಬಿಡುತ್ತವೆ. ಇದರ ಕೊನೆಯ ಸದ್ದು ‘ವ್’.

ಮೂರು ಪದದ ಜೋಡಣೆಗಳು

ಇವು ನೋಡಲು ಉದ್ದ, ಕಲಿಯಲು ಸುಲಭ. ಯಾಕೆಂದರೆ ಸರ್ವನಾಮ ಕೊನೆಗೇ ಬರುತ್ತದೆ. ‘ಪುಟ್ ಅಪ್ ವಿತ್ ಹಿಮ್’: ಅವನನ್ನು ಸಹಿಸಿಕೋ. ‘ರನ್ ಔಟ್ ಅವ್ ಇಟ್’: ಅದು ಮುಗಿದುಹೋಗು. ‘ಲುಕ್ ಫಾರ್ವರ್ಡ್ ಟು ಇಟ್’: ಅದಕ್ಕಾಗಿ ಆಸೆಯಿಂದ ಕಾಯಿ. ಈ ಕೊನೆಯದರ ಮುಂದೆ ಕ್ರಿಯಾಪದ ಬಂದರೆ ‘ಇಂಗ್’ ಸೇರಬೇಕು. ಪತ್ರದ ಕೊನೆಯಲ್ಲಿ ಬರೆಯುತ್ತೀರಲ್ಲ, ಅಲ್ಲಿ ‘ಟು ಮೀಟ್ ಯು’ ಅಲ್ಲ, ‘ಟು ಮೀಟಿಂಗ್ ಯು’. ಅನುಮಾನ ಬಂದರೆ ಆ ಜಾಗದಲ್ಲಿ ‘ಇಟ್’ ಇಟ್ಟು ನೋಡಿ. ‘ಇಟ್’ ಕೂತರೆ ‘ಇಂಗ್’ ಕೂಡ ಕೂರುತ್ತದೆ.

ನಿತ್ಯ ಬೇಕಾಗುವ ಇನ್ನೊಂದಿದೆ. ಆಫೀಸಿಗೆ ಫೋನ್ ಮಾಡಿ ‘ಸ್ವಲ್ಪ ಅವರಿಗೆ ಕನೆಕ್ಟ್ ಮಾಡಿ’ ಎನ್ನಲು ‘ಕುಡ್ ಯು ಪುಟ್ ಮಿ ಥ್ರೂ ಟು ಹಿಮ್?’. ಇದರಲ್ಲಿ ‘ಮಿ’ ನಡುವೆ, ‘ಹಿಮ್’ ಕೊನೆಗೆ.

ಪ್ರಶ್ನೆಯ ಬಾಲ

‘ಯಾರಿಗೋಸ್ಕರ ಕಾಯ್ತಿದೀಯಾ?’ ಕನ್ನಡದಲ್ಲಿ ‘ಗೋಸ್ಕರ’ ‘ಯಾರಿ’ಗೆ ಅಂಟಿಕೊಂಡೇ ಬರುತ್ತದೆ. ಇಂಗ್ಲಿಷಿನಲ್ಲಿ ‘ಹೂ’ ಮುಂದೆ ಓಡುತ್ತದೆ, ‘ಫಾರ್’ ಹಿಂದೆ ಉಳಿಯುತ್ತದೆ: ‘ಹೂ ಆರ್ ಯು ವೇಟಿಂಗ್ ಫಾರ್?’. ಹಿಂದೆ ಉಳಿದದ್ದನ್ನು ನಾವು ಮರೆತುಬಿಡುತ್ತೇವೆ. ‘ವಾಟ್ ಆರ್ ಯು ಲುಕಿಂಗ್?’ ಎಂದು ನಿಲ್ಲಿಸಿದರೆ ನೋಡುತ್ತಿದ್ದೀರೋ ಹುಡುಕುತ್ತಿದ್ದೀರೋ ಗೊತ್ತಾಗುವುದಿಲ್ಲ. ‘ಅಟ್’ ಅಥವಾ ‘ಫಾರ್’ ಬಂದ ಮೇಲೇ ಪ್ರಶ್ನೆ ಪೂರ್ತಿಯಾಗುತ್ತದೆ. ಇಂಥ ಪದವನ್ನು ವಾಕ್ಯದ ಕೊನೆಗೆ ಇಡಬಾರದು ಎಂಬ ಹಳೆಯ ಪಾಠ ಕೆಲವರು ಕೇಳಿರುತ್ತೀರಿ. ಕವಿ ಜಾನ್ ಡ್ರೈಡನ್ 1672ರಲ್ಲೇ ಆ ಆಕ್ಷೇಪ ಎತ್ತಿದ್ದ. ಮಾತಾಡುವ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ನೀವೂ ಧೈರ್ಯವಾಗಿ ಕೊನೆಗೆ ಇಡಿ.

ನೋಟ್‌ಬುಕ್ ಹೇಗಿರಬೇಕು

ಹೊಸ ಪದ ಸಿಕ್ಕಾಗ ‘ಪೋಸ್ಟ್‌ಪೋನ್ ಅಂದರೆ ಮುಂದಕ್ಕೆ ಹಾಕು’ ಎಂದು ಬರೆದು ಮುಚ್ಚಬೇಡಿ. ಎಡಗಡೆ ನೀವು ದಿನಾ ಆಡುವ ಕನ್ನಡ ಮಾತು ಬರೆಯಿರಿ: ‘ಅದನ್ನ ಮುಂದಕ್ಕೆ ಹಾಕಿಬಿಡೋಣ’. ಬಲಗಡೆ ಸರ್ವನಾಮ ಸೇರಿದ ಇಂಗ್ಲಿಷ್: ‘ಲೆಟ್ಸ್ ಪುಟ್ ಇಟ್ ಆಫ್’. ಒತ್ತು ಬೀಳುವ ಪದದ ಕೆಳಗೆ ಗೆರೆ ಎಳೆಯಿರಿ. ದಿನಕ್ಕೆ ಐದು ಸಾಕು. ರಾತ್ರಿ ಬಲಗಡೆ ಕೈ ಮುಚ್ಚಿ, ಎಡಗಡೆಯದನ್ನು ನೋಡಿ ಜೋರಾಗಿ ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಪ್ರಯೋಜನ ಕಡಿಮೆ, ಒತ್ತು ಬಾಯಿಗೆ ಬರಬೇಕು.

ಆ ನರ್ಸಿಂಗ್ ವಿದ್ಯಾರ್ಥಿನಿ ತನ್ನ ನೋಟ್‌ಬುಕ್ಕಿನಲ್ಲಿ ವಾರ್ಡಿನ ಮಾತುಗಳನ್ನೇ ಬರೆದಳು. ‘ಅಜ್ಜಿನ ಎಬ್ಬಿಸು’, ‘ವೇಕ್ ಹರ್ ಅಪ್’. ‘ಮೆಲ್ಲಗೆ ಕೂರಿಸು’, ‘ಸಿಟ್ ಹರ್ ಅಪ್’. ‘ಅವರು ಹೇಳೋದನ್ನ ಕೇಳು’, ‘ಲಿಸನ್ ಟು ಹರ್’. ‘ಬರೆದುಕೋ’, ‘ರೈಟ್ ಇಟ್ ಡೌನ್’. ಆ ಪುಟದ ಮೇಲ್ಗಡೆ ದೊಡ್ಡದಾಗಿ ‘ಐ ವಿಲ್ ಲುಕ್ ಆಫ್ಟರ್ ಹರ್’ ಎಂದು ಬರೆದು, ‘ಹರ್’ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿದ್ದಳು.